ಮುಕುಂದಯ್ಯನವರ ನೇರಳೆ ಗೆರೆ

ನನ್ನ ಬಾಯಿಂದ ಹೊಗಳಿಸಿಕೊಂಡ ಗಂಡಸರು ಈ ಲೋಕದಲ್ಲಿ ಇಬ್ಬರೇ. ಒಬ್ಬರು ನಮ್ಮ ಯಜಮಾನರು, ಅದೂ ಅವರು ತೀರಿಕೊಂಡ ಮೇಲೆ. ಇನ್ನೊಬ್ಬರು ತೀರ್ಥಹಳ್ಳಿಯ ಔಷಧಿ ಅಂಗಡಿ ಮುಕುಂದಯ್ಯನವರು. ಅವರನ್ನು ಬದುಕಿರುವಾಗಲೇ ಹೊಗಳುತ್ತಿದ್ದೇನೆ ಎಂದು ಅರಳಸುರಳಿಯ ಹೆಂಗಸರಿಗೆಲ್ಲ ಆಶ್ಚರ್ಯ. ಹುಲಿಯಮ್ಮನಿಗೆ ವಯಸ್ಸಾಯಿತು, ಬಾಯಿಯ ಖಾರ ಕಮ್ಮಿಯಾಯಿತು ಎನ್ನುತ್ತಾರೆ. ಖಾರವೇನೂ ಕಮ್ಮಿಯಾಗಿಲ್ಲ. ಆ ಮನುಷ್ಯ ಒಂದು ಮೋಟು ಪೆನ್ಸಿಲ್ಲಿನಲ್ಲಿ ಮಾಡಿದ ಕೆಲಸವನ್ನು ಯಮನೂ ಕೋಣದ ಮೇಲೆ ಕೂತು ಬಾಯಿ ಬಿಟ್ಟು ನೋಡಿದ್ದಾನೆ, ಇನ್ನು ನಾನು ಯಾವ ಲೆಕ್ಕ?

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮಾರನೇ ವರ್ಷದ ಬೇಸಿಗೆ. ನನ್ನ ಸೊಸೆ ಕನ್ನಮ್ಮ ದರಗು ತರಲು ಗುಡ್ಡಕ್ಕೆ ಹೋಗಿದ್ದಳು. ಒಣಗಿ ಉದುರಿದ ಎಲೆಯನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತೇವಲ್ಲ, ಅದೇ ದರಗು. ಅವಳು ಹೊರೆ ಕಟ್ಟಿದರೆ ಸಣ್ಣ ಹೊರೆ ಕಟ್ಟುವವಳಲ್ಲ. ದೂರದಿಂದ ನೋಡಿದರೆ ಗುಡ್ಡವೇ ಎರಡು ಕಾಲು ಮೂಡಿಸಿಕೊಂಡು ಮನೆ ಕಡೆ ನಡೆದು ಬಂದ ಹಾಗೆ ಕಾಣುತ್ತಿತ್ತು. ಅವತ್ತು ಹೊರೆ ಹೊತ್ತು ಬರುವಾಗ, ದನಗಳಿಗೆ ಕಚ್ಚುವ ದೊಡ್ಡ ನೊಣ ಒಂದು ಅವಳ ಎಡಗಾಲಿನ ಮೀನಖಂಡದ ಮೇಲೆ ಕೂತಿತಂತೆ. ಎರಡು ಕೈಯೂ ಹೊರೆಯ ಮೇಲೆ. ಹೊಡೆಯುವುದು ಹೇಗೆ?

"ಅತ್ತೆ, ಅದು ಕೂತು, ಉಂಡು, ಕೈ ತೊಳ್ಕಂಡು ಹೋಯ್ತು" ಎಂದಳು ಮನೆಗೆ ಬಂದು.

"ಎಲೆ ಅಡಿಕೆ ಕೊಟ್ಟಿದ್ಯನೇ?" ಎಂದೆ ನಾನು.

ಅದು ಮಂಗಳವಾರ. ಬುಧವಾರ ಕೆರೆತ ಶುರುವಾಯಿತು. ಉಗುರಲ್ಲಿ ಕೆರೆದಳು, ಬಾಚಣಿಗೆಯಲ್ಲಿ ಕೆರೆದಳು, ಕೊನೆಗೆ ತೆಂಗಿನ ಗರಟದಲ್ಲೂ ಕೆರೆದಳು. ಆ ಸದ್ದಿಗೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ನಾನು ನನ್ನ ಎಲೆ ಅಡಿಕೆ ತಟ್ಟೆಯಿಂದ ಒಂದು ಬೆರಳು ಸುಣ್ಣ ತೆಗೆದು ಕಚ್ಚಿದ ಜಾಗಕ್ಕೆ ಮೆತ್ತಿದೆ. ನಮ್ಮಲ್ಲಿ ಇರುವೆಗೂ ಸುಣ್ಣ, ಕಣಜಕ್ಕೂ ಸುಣ್ಣ. ಗುರುವಾರ ಸುಣ್ಣದ ಕೆಳಗೆ ಚರ್ಮ ಬಿರಿಯಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಕಾಲು ಕೆಂಪಗೆ ಊದಿ, ನಡುವೆ ಸಣ್ಣ ಹಳದಿ ಮೊಳಕೆ ಕೂತಿದೆ.

"ಒಂದು ನೊಣಕ್ಕೆ ಇಷ್ಟಾ? ಹೊಸನಗರದ ಕಡೆಯವ್ರ ಕಾಲನ್ನ ಬೆಣ್ಣೇಲಿ ಮಾಡಿರ್ತಾರನೇ?" ಎಂದು ರೇಗಿಸಿದೆ. ಅವಳ ತವರು ಹೊಸನಗರ.

"ಹೌದು ಅತ್ತೆ. ಅದಕ್ಕೇ ನಿಮ್ಮೂರ ನೊಣ ವಾಸನೆ ಹಿಡ್ಕಂಡು ಬಂತು" ಎಂದಳು. ಬಾಯಿ ಚೆನ್ನಾಗಿತ್ತು. ಆದರೆ ಎದ್ದು ನಿಲ್ಲುವಾಗ ಕಂಬ ಹಿಡಿದುಕೊಂಡಳು. ಅದನ್ನು ನನ್ನ ಮಗ ಹೂವಯ್ಯ ನೋಡಿದ. ನನಗೆ ಹುಟ್ಟಿದವನೇ ಹೌದೋ ಅಲ್ಲವೋ ಅನ್ನುವಷ್ಟು ಕಮ್ಮಿ ಮಾತಿನವನು ಅವನು. "ಬಸ್ಸಿಗೆ ಹೋಗದು" ಎಂದ, ಅಷ್ಟೇ. ನಾನೂ ಹೊರಟೆ. ಸೊಸೆಯ ಕಾಲು ನೋಡಲು ಅಂತ ಹೇಳಿದೆ. ನಿಜ ಹೇಳಬೇಕೆಂದರೆ ತೀರ್ಥಹಳ್ಳಿ ನೋಡಿ ಆರು ತಿಂಗಳಾಗಿತ್ತು.

ಮುಕುಂದಯ್ಯನವರ ಅಂಗಡಿ ಎಷ್ಟು ಸಣ್ಣದು ಅಂದರೆ, ಒಳಗೆ ಹೋದವರು ಉಸಿರು ಬಿಡಲು ಹೊರಗೆ ಬರಬೇಕು. ಆದರೆ ಗೋಡೆ ತುಂಬ ಬಾಟಲಿ. ಕಂದು, ಹಸಿರು, ಬಿಳಿ. ಒಂದೊಂದಕ್ಕೂ ಚೀಟಿ, ಒಂದೊಂದು ಚೀಟಿಯೂ ಇರುವೆ ಸಾಲಿನ ಹಾಗೆ ನೀಟು. ಅವರು ಬೆಳ್ಳಗೆ, ತೆಳ್ಳಗೆ, ಕನ್ನಡಕ ಮೂಗಿನ ತುದಿಗೆ ಬಂದು ಇನ್ನೇನು ಬಿದ್ದೇ ಬಿಟ್ಟಿತು ಅನ್ನುವ ಹಾಗೆ. ನಾನು ನೋಡಿದಾಗಿನಿಂದ ಬೀಳದೆ ಹಾಗೇ ಇದೆ.

ನಮಗಿಂತ ಮುಂದೆ ಒಬ್ಬ ದಪ್ಪ ಸಾಹುಕಾರ ನಿಂತಿದ್ದ. ಕೆಮ್ಮಿಗೆ ಪೆನಿಸಿಲಿನ್ ಸೂಜಿಮದ್ದು ಬೇಕು, ಈಗಲೇ ಬೇಕು ಅಂತ ಅವನ ಗಲಾಟೆ.

"ಡಾಕ್ಟರ ಚೀಟಿ ತನ್ನಿ, ಕೊಡ್ತೀನಿ."

"ದುಡ್ಡು ನಾನು ಕೊಡದು, ಡಾಕ್ಟರಲ್ಲ!"

"ದುಡ್ಡು ನಿಮ್ದು ಹೌದು. ಮೈನೂ ನಿಮ್ದೇ ಅಲ್ವಾ, ಅದಕ್ಕೇ ಹೇಳಿದ್ದು" ಎಂದರು ಮುಕುಂದಯ್ಯನವರು. ದನಿ ಏರಲಿಲ್ಲ, ಕನ್ನಡಕ ಅಲುಗಲಿಲ್ಲ. ಸಾಹುಕಾರ ಹೊರಟುಹೋದ. ಬಂದ ವ್ಯಾಪಾರವನ್ನು ಬಾಗಿಲಿಂದ ಹೊರಗೆ ಕಳಿಸುವ ಅಂಗಡಿಯವನನ್ನು ಸಾಗರದಿಂದ ಶಿವಮೊಗ್ಗದವರೆಗೆ ನಾನು ಕಂಡಿರಲಿಲ್ಲ.

ಕನ್ನಮ್ಮನನ್ನು ಬೆಂಚಿನ ಮೇಲೆ ಕೂರಿಸಿದರು. ಮೊದಲು ತಾವು ಸೋಪು ಹಾಕಿ ಕೈ ತೊಳೆದುಕೊಂಡರು, ಮದುವೆ ಊಟಕ್ಕೆ ಕೂರುವವರ ಹಾಗೆ. ಆಮೇಲೆ ಅಂಗೈಯ ಹಿಂಭಾಗವನ್ನು ಊದಿದ ಕಾಲಿಗೆ ತಾಗಿಸಿದರು, ಹಾಗೇ ಇನ್ನೊಂದು ಕಾಲಿಗೂ ತಾಗಿಸಿ ನೋಡಿದರು.

"ಇದಕ್ಕಿಂತ ಅದು ಬಿಸಿ ಇದೆ. ಕಚ್ಚಿ ಎಷ್ಟು ದಿನ ಆಯ್ತಮ್ಮ?"

"ಮಂಗಳವಾರ ಕಚ್ಚಿದ್ದು."

"ಕೆರೆತವೋ, ನೋವೋ?"

"ಮೊದ್ಲು ಕೆರೀತಿತ್ತು. ನಿನ್ನೆಯಿಂದ ಕೆರೆತ ಕಮ್ಮಿ, ನೋವು ಜಾಸ್ತಿ."

"ಹಾಂ, ಅಲ್ಲೇ ಇರದು ವ್ಯತ್ಯಾಸ" ಎಂದು ಹೂವಯ್ಯನ ಕಡೆ, ನನ್ನ ಕಡೆ ತಿರುಗಿದರು. ಮೇಷ್ಟರು ಪಾಠ ಹೇಳುವ ಹಾಗಲ್ಲ, ಪಕ್ಕದ ಮನೆಯವರು ಬೇಲಿ ಮೇಲಿಂದ ಮಾತಾಡುವ ಹಾಗೆ. "ಹುಳ ಕಚ್ಚಿದ ಮೊದಲ ಒಂದೆರಡು ದಿನ ಊತ, ಕೆರೆತ ಎಲ್ಲಾ ಇರ್ತದೆ. ಅದು ಹುಳದ ವಿಷ, ತಾನಾಗೇ ಇಳೀತದೆ. ಇಳೀಬೇಕಾದ ಹೊತ್ತಲ್ಲಿ ಏರಕ್ಕೆ ಹತ್ತಿದ್ರೆ, ಬಿಸಿಯಾದ್ರೆ, ಕೀವು ಕಟ್ಟಿದ್ರೆ, ಆಗ ಅದು ಹುಳದ ಕೆಲಸ ಅಲ್ಲ. ಕೆರೆದು ಗಾಯ ಆಗಿ ಒಳಗೆ ನಂಜು ಹೋಗಿದೆ ಅಂತ. ಈ ಚರ್ಮ ಯಾಕೆ ಹೀಗೆ ಸುಟ್ಟಿದೆ? ಸುಣ್ಣ ಹಚ್ಚಿದ್ಯಾರು?"

ಕನ್ನಮ್ಮ ಸೂರು ನೋಡಿದಳು. ಹೂವಯ್ಯ ರಸ್ತೆ ನೋಡಿದ. ನಾನು ಒಂದು ಹಸಿರು ಬಾಟಲಿ ನೋಡಿದೆ. ಬಾಟಲಿ ಏನೂ ಹೇಳಲಿಲ್ಲ.

"ನಾನೇ" ಎಂದೆ.

"ಎಲೆ ಅಡಿಕೆಗೆ ಒಳ್ಳೇದು ಅಮ್ಮ. ಗಾಯಕ್ಕೆ ಬೇಡ" ಎಂದರು. ಅಷ್ಟೇ. ನಾನಾಗಿದ್ದರೆ ಮೂರು ದಿನ ಬೈಯುತ್ತಿದ್ದೆ.

ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಮುಲಾಮು ಹಚ್ಚಿ, ಹತ್ತಿ ಇಟ್ಟರು. ದಿನಕ್ಕೆ ಎರಡು ಸಲ ಸೋಪಿನಲ್ಲಿ ತೊಳೆಯಬೇಕು, ಕೀವನ್ನು ಹಿಸುಕಬಾರದು, ಸಗಣಿ ಸೊಪ್ಪು ಏನೂ ಮೆತ್ತಬಾರದು, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಬೇಕು ಎಂದರು. ಸೊಸೆ ಕಾಲು ಎತ್ತಿಟ್ಟು ಮಲಗುವುದು, ಅತ್ತೆ ದರಗು ತರುವುದು! ಕನ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದುದನ್ನು ನಾನು ನೋಡಿಲ್ಲ ಅಂದುಕೊಂಡಳು.

ಆಮೇಲೆ ಅವರು ಕಿವಿಯ ಮೇಲಿಂದ ಒಂದು ಮೋಟು ಪೆನ್ಸಿಲ್ ತೆಗೆದರು. ಒದ್ದೆ ಮಾಡಿದರೆ ನೇರಳೆ ಬಣ್ಣ ಬರುತ್ತದಲ್ಲ, ಪೋಸ್ಟಾಫೀಸಿನಲ್ಲಿ ಇಟ್ಟಿರುತ್ತಾರೆ, ಅಂಥದ್ದು. ತುದಿಯನ್ನು ನೀರಿಗೆ ತಾಗಿಸಿ, ಕೆಂಪು ಎಲ್ಲಿಗೆ ನಿಂತಿತ್ತೋ ಅದರ ಅಂಚಿಗೇ ಸುತ್ತಲೂ ಒಂದು ಗೆರೆ ಎಳೆದರು. ಕೋಳಿಮೊಟ್ಟೆಯ ಅಗಲ.

"ನೋಡಿ, ಕೆಂಪು ಈ ಗೆರೆ ದಾಟಿದ್ರೆ, ಇಲ್ಲಾ ಜ್ವರ ಬಂದ್ರೆ, ಇಲ್ಲಾ ತೊಡೆ ಕಡೆಗೆ ಕೆಂಪು ದಾರದ ಹಾಗೆ ಎದ್ರೆ, ಒಂದು ಗಳಿಗೆ ನಿಲ್ಬೇಡಿ. ಸೀದಾ ಆಸ್ಪತ್ರೆಗೆ. ಅಲ್ಲಿಂದ ಮುಂದಿನ ಔಷಧಿ ಡಾಕ್ಟರು ನೋಡಿ ಕೊಡಬೇಕು, ನಾನು ಕೊಡಂಗಿಲ್ಲ. ದಾಟದೇ ಇದ್ರೂ ನಾಳೆ ಒಬ್ರು ಬಂದು ನಂಗೆ ಹೇಳಿ ಹೋಗಿ."

ಆ ಗೆರೆ ನೋಡಿ ನನಗೆ ಮೈ ಜುಮ್ ಎಂದಿತು. ಈ ಇಂಗ್ಲಿಷ್ ಔಷಧಿಯ ಮನುಷ್ಯನಿಗೂ ನಮ್ಮ ವಿದ್ಯೆ ಗೊತ್ತು! ಅಂದುಕೊಂಡೆ.

ನಮ್ಮ ವಿದ್ಯೆ ಏನೆಂದರೆ, ಮೈ ಮೇಲೆ ಸರ್ಪಸುತ್ತು ಎದ್ದರೆ ಅದರ ಸುತ್ತ ಕೆಮ್ಮಣ್ಣಿನ ಗೆರೆ ಎಳೆಯುವುದು. ಹಾವಿನ ತಲೆಯೂ ಬಾಲವೂ ಸೇರಬಾರದು, ಗೆರೆಯೊಳಗೇ ನಿಲ್ಲಬೇಕು. ಅದು ಗೆರೆಯ ಹತ್ತಿರ ಬಂದರೆ ಅದರ ಹೊರಗೆ ಇನ್ನೊಂದು. ನನ್ನ ಅತ್ತೆ ನನಗೆ ಕಲಿಸಿದ್ದು. ಒಂದನೇ ಕ್ಲಾಸನ್ನು ಕಿಟಕಿಯಿಂದ ಮಾತ್ರ ನೋಡಿದ ನನಗೆ ಬಂದ ವಿದ್ಯೆ ಅದೊಂದೇ. ಸುತ್ತ ಮೂರು ಊರಿನವರು ನನ್ನ ಹತ್ತಿರ ಬರುತ್ತಿದ್ದರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೂವಯ್ಯ ನನ್ನ ಹೊಟ್ಟೆಯಲ್ಲಿದ್ದಾಗ ಯಜಮಾನರಿಗೆ ಕಾಲಿಗೆ ಮುಳ್ಳು ಚುಚ್ಚಿ ನಂಜಾಯಿತು. ಕೆಂಪು ಹೀಗೇ ಕಾಲು ಹತ್ತಿತು. ಅತ್ತೆ ಗೆರೆ ಎಳೆದರು. ಅದು ದಾಟಿತು. ಇನ್ನೊಂದು ಎಳೆದರು. ಅದನ್ನೂ ದಾಟಿತು. ಆರು ಗೆರೆ ಆದ ಮೇಲೆ ಅತ್ತೆಯ ಕೈ ನಡುಗಲು ಶುರುವಾಗಿ, ಏಳನೆಯದನ್ನು ಎಳೆಯುವ ಕೆಲಸ ನನಗೆ ಬಂತು. ನಾಲ್ಕು ದಿನದಿಂದ ನಿದ್ದೆ ಇಲ್ಲದ ಬಸುರಿ ನಾನು, ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಎದ್ದು ನೋಡುವಾಗ ಕೆಂಪು ಆರನೆಯದನ್ನು ದಾಟಿ ಸೊಂಟಕ್ಕೆ ಬಂದಿತ್ತು. ಮಾರನೇ ದಿನ ಅವರು ಹೋದರು. ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ನಾನೇ ಅಂದುಕೊಂಡೆ, ಇಪ್ಪತ್ತೇಳು ವರ್ಷ ಅಂದುಕೊಂಡೆ: ಗೆರೆ ಎಳೆಯಲು ತಡ ಮಾಡಿದವಳು ನಾನು.

ಅದಕ್ಕೇ ಈ ಸಲ ತಡ ಮಾಡಬಾರದು ಅಂತ ತೀರ್ಮಾನ ಮಾಡಿದ್ದೆ.

ಶುಕ್ರವಾರ ಸಂಜೆ, ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಕಾಲು ನೋಡಿದೆ. ಕೆಂಪು ನೇರಳೆ ಗೆರೆಯನ್ನು ಮುಟ್ಟಿ ಒಂದು ಕಡೆ ತುಸು ಹೊರಗೆ ಇಣುಕಿತ್ತು. ಓಡಿಹೋಗಿ ಕೆಮ್ಮಣ್ಣು ಕಲಸಿ ತಂದು, ಹೊರಗಡೆಗೆ ಒಂದು ಗೆರೆ ಎಳೆದೆ.

"ಅತ್ತೆ, ಇದೆಂತದು ಮಾಡ್ತಿದ್ದೀರಿ? ಅವ್ರು ಹೇಳಿದ್ದು ಅವ್ರ ಗೆರೆ ದಾಟಿದ್ರೆ ಅಂತ."

"ಅವ್ರ ಗೆರೆಗೆ ನನ್ ಗೆರೆ ಕಾವಲು. ನಿನ್ ನಾಲ್ಕನೇ ಕ್ಲಾಸನ್ನ ನಿನ್ ಹತ್ರನೇ ಇಟ್ಕ."

ಶನಿವಾರ ಬೆಳಿಗ್ಗೆ ಹಾಲು ಕರೆಯುವ ಮೊದಲು ನೋಡಿದರೆ, ನನ್ನ ಗೆರೆಯ ಅಂಚಿಗೆ ಬಂದಿದೆ. ಎರಡನೆಯದು ಎಳೆದೆ. ತೀರ್ಥಹಳ್ಳಿಯ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುವಾಗ ಮತ್ತೆ ನೋಡಿದೆ, ಮೂರನೆಯದು ಎಳೆದೆ. ಕನ್ನಮ್ಮ ಈ ಸಲ ಏನೋ ಹೇಳಲು ಬಾಯಿ ತೆರೆದಳು. ನನ್ನ ಕೈ ನೋಡಿದಳು. ಮುಂದಿನ ಗೆರೆಗೆ ಆಗಲೇ ಕೆಮ್ಮಣ್ಣು ಕಲಸುತ್ತಿದ್ದೆ. ಮಾವನ ಕಾಲಿಗೂ ಹೀಗೇ ಗೆರೆ ಎಳೆದಿದ್ದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು. ಆ ಹುಡುಗಿಯ ಒಳ್ಳೆಯತನವೇ ಅವಳನ್ನು ಮುಗಿಸುವುದರಲ್ಲಿತ್ತು.

"ಏನಂತ ಹೇಳ್ಲಿ ಅವ್ವಾ ಅವರಿಗೆ?" ಎಂದ ಹೂವಯ್ಯ, ಬಸ್ಸಿಗೆ ಓಡುತ್ತಾ.

"ಗೆರೆ ದಾಟಿಲ್ಲ ಅಂತ ಹೇಳು!"

ಸುಳ್ಳು ಹೇಳಿದೆ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಕೆಂಪು ನನ್ನ ಗೆರೆಯೊಳಗೇ ಇತ್ತಲ್ಲ.

ಅಂಗಡಿಯಲ್ಲಿ ನಡೆದದ್ದನ್ನು ಹೂವಯ್ಯ ಆಮೇಲೆ ಹೇಳಿದ. ಅವನ ಬಾಯಿಂದ ಅಷ್ಟು ಮಾತು ಹೊರಡಿಸಲು ನನಗೆ ಒಂದು ವಾರ ಹಿಡಿಯಿತು. ಮುಕುಂದಯ್ಯನವರು ಯಾರಿಗೋ ಪುಡಿ ತೂಗುತ್ತಿದ್ದರಂತೆ.

"ಹೇಗಿದೆ ಕಾಲು?"

"ದಾಟಿಲ್ಲ ಅಯ್ಯಾ."

"ಒಳ್ಳೇದಾಯ್ತು."

ಅಲ್ಲಿಗೆ ಇವನು ತಿರುಗಿ ಬರಬಹುದಿತ್ತು. ಜನ್ಮದಲ್ಲಿ ಒಂದೇ ಒಂದು ಸಲ ನನ್ನ ಮಗ ಬೇಡದ ಮಾತೊಂದನ್ನು ಸೇರಿಸಿದ. "ಅವ್ವ ಮೂರನೇ ಗೆರೆ ಎಳ್ದಿದಾಳೆ. ಅದನ್ನೂ ದಾಟಿಲ್ಲ" ಎಂದನಂತೆ.

ತಕ್ಕಡಿ ಹಾಗೇ ನಿಂತಿತಂತೆ.

"ಮೂರಾ? ನಾನು ಎಳೆದಿದ್ದು ಒಂದೇ ಅಲ್ವಾ?"

ಇವನು ಹೇಳಿದ. ಅವರು ಎದುರಿಗಿದ್ದವನಿಗೆ "ಒಂದು ಗಂಟೆ ಬಿಟ್ಟು ಬಾ ಮಾರಾಯ" ಎಂದು, ಅಂಗಡಿಯ ಹಲಗೆ ಬಾಗಿಲನ್ನು ಹಾಕಿಯೇ ಬಿಟ್ಟರಂತೆ. ಆ ಅಂಗಡಿ ಹಗಲಲ್ಲಿ ಮುಚ್ಚಿದ್ದನ್ನು ತೀರ್ಥಹಳ್ಳಿಯಲ್ಲಿ ಹುಟ್ಟಿದವರು ಯಾರೂ ಕಂಡಿರಲಿಲ್ಲ. ತುಂಗೆ ಬಂದು ಮೆಟ್ಟಿಲು ಹತ್ತಿದಾಗಲೂ ಬಾಗಿಲು ತೆರೆದೇ ಇತ್ತು ಅನ್ನುತ್ತಾರೆ. ಎದುರಿನ ಅಡಿಕೆ ಮಂಡಿಗೆ ಹೋಗಿ ಅವರ ಜೀಪು ಕೇಳಿದರು. ಆ ಮಂಡಿಯವರು ತಮ್ಮ ಅಳಿಯನಿಗೂ ಜೀಪು ಕೊಡುವವರಲ್ಲ. ಮುಕುಂದಯ್ಯನವರು ಕೇಳಿದ್ದಕ್ಕೆ ಡ್ರೈವರನ್ನೂ ಸೇರಿಸಿ ಕೊಟ್ಟರು.

ನಾನು ಆ ಹೊತ್ತಿಗೆ ಗಂಜಿ ಬಡಿಸಿ ಬಂದು ನಾಲ್ಕನೇ ಗೆರೆ ಎಳೆದಿದ್ದೆ. ಕನ್ನಮ್ಮ ಗಂಜಿ ಮುಟ್ಟಲಿಲ್ಲ. ಚಳಿ ಅಂದಳು. ಬೇಸಿಗೆಯ ಮಧ್ಯಾಹ್ನ, ಕಲ್ಲು ಬಿರಿಯುವ ಬಿಸಿಲು, ಇವಳಿಗೆ ಕಂಬಳಿ ಬೇಕು. ಕಂಬಳಿ ತರಲು ಎದ್ದೆ. ಆಗ ಅಂಗಳದಲ್ಲಿ ಜೀಪು ನಿಂತಿತು.

ಮುಕುಂದಯ್ಯನವರು ಒಳಗೆ ಬಂದವರೇ ಕೈಗೆ ನೀರು ಕೇಳಿದರು, ತೊಳೆದರು, ಕಾಲಿನ ಹತ್ತಿರ ಕೂತರು. ಬೈಯುತ್ತಾರೆ ಅಂತ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಬೆರಳನ್ನು ಗೆರೆಯಿಂದ ಗೆರೆಗೆ ಇಟ್ಟು ಅಳೆಯಲು ಶುರು ಮಾಡಿದರು.

"ಹುಲಿಯಮ್ಮನವ್ರೇ, ಈ ಮೊದಲ್ನೇ ಕೆಂಪು ಗೆರೆ ಯಾವಾಗ ಎಳೆದ್ರಿ?"

"ನಿನ್ನೆ ದನ ಬರೋ ಹೊತ್ತಿಗೆ."

"ಎರಡ್ನೇದು?"

"ಬೆಳಿಗ್ಗೆ ಹಾಲು ಕರೆಯಕ್ಕಿಂತ ಮುಂಚೆ."

"ಇದು?"

"ಬಸ್ಸು ಹಾರನ್ ಹೊಡ್ದಾಗ. ಆಮೇಲಿಂದು ಈಗ, ಗಂಜಿ ಹೊತ್ತಿಗೆ."

"ಹೊತ್ತು ಸರಿಯಾಗಿ ನೆನಪಿದ್ಯಾ?"

"ನಂಗೆ ಮರೆಯದು ಅಂದ್ರೆ ಗೊತ್ತೇ ಇಲ್ಲ. ಹೂವಯ್ಯ ಹುಟ್ಟಿದ ದಿನ ನಮ್ ಎಮ್ಮೆ ಎಷ್ಟು ಹಾಲು ಕೊಡ್ತು ಅಂತ ಕೇಳಿ, ಹೇಳ್ತೀನಿ."

ಅವರು ನಗಲಿಲ್ಲ. ಕಿಸೆಯಿಂದ ಚೀಟಿ ತೆಗೆದು, ಅದೇ ಮೋಟು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. "ರಾತ್ರಿಯಿಡೀ ಒಂದು ಬೆರಳು ಹೋಗಿದ್ದು, ಬೆಳಿಗ್ಗೆಯಿಂದ ಈಚೆಗೆ ಮೂರು ಬೆರಳು ಹೋಗಿದೆ. ನಡೀತಿದ್ದಿದ್ದು ಓಡಕ್ಕೆ ಹತ್ತಿದೆ" ಎಂದರು. ಹಣೆ ಮುಟ್ಟಿದರು. ತೊಡೆಯ ಕಡೆಗೆ ಒಂದು ಕೆಂಪು ಎಳೆ, ದಾರದಷ್ಟೇ ಸಣ್ಣದು, ಆಗಲೇ ಎದ್ದಿತ್ತು. ನಾನು ಗೆರೆ ಎಳೆಯುವ ಭರದಲ್ಲಿ ಅದನ್ನು ನೋಡಿಯೇ ಇರಲಿಲ್ಲ. "ಏಳಮ್ಮ ಕನ್ನಮ್ಮ. ಹೊರಡಣ."

ಅವಳಿಗೆ ಏಳಲಾಗಲಿಲ್ಲ. ಹೂವಯ್ಯ ಎತ್ತಿಕೊಂಡ. ನನ್ನ ಸೊಸೆ, ದರಗಿನ ಗುಡ್ಡ ಹೊರುವವಳು, ಅವನ ತೋಳಿನಲ್ಲಿ ಅಡಿಕೆ ಹಾಳೆಯಷ್ಟು ಹಗುರಾಗಿ ಕಂಡಳು. ಜೀಪಿನಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ದಾರಿಯುದ್ದಕ್ಕೂ ಎಲ್ಲ ದೇವರನ್ನೂ ಕರೆದೆ, ಒಬ್ಬೊಬ್ಬರಿಗೂ ಒಂದೊಂದು ಹರಕೆ ಹೇಳಿದೆ. ಅಷ್ಟನ್ನೂ ತೀರಿಸಬೇಕೆಂದರೆ ಜೋಗದವರೆಗಿನ ಕೋಳಿ ಸಾಲದು.

"ಅತ್ತೆ" ಎಂದಳು ಕಣ್ಣು ಮುಚ್ಚಿಕೊಂಡೇ.

"ಎಂತದೇ?"

"ಐದನೇ ಗೆರೆ ಎಳೆಯಕ್ಕೆ ಮಣ್ಣು ತಂದಿದೀರಾ?"

ಆ ಜ್ವರದಲ್ಲೂ ನನ್ನನ್ನೇ ಆಡಿಕೊಂಡಳು, ಮುಂಡೇದು. ನನಗೆ ಅಳು ಬಂತು. ಧೂಳು ಬಿತ್ತು ಅಂತ ಹೇಳಿದೆ.

ಆಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರು ಇದ್ದರು. ಚಿಕ್ಕ ವಯಸ್ಸು, ಜಡೆ ಇನ್ನೂ ಬೆನ್ನ ಮೇಲೆ ಆಡುತ್ತಿತ್ತು. ಮುಕುಂದಯ್ಯನವರು ಚೀಟಿ ಕೊಟ್ಟು, ನಾಲ್ಕೇ ಮಾತಿನಲ್ಲಿ ಹೇಳಿದರು. ಆಕೆ ಚೀಟಿ ನೋಡಿದರು, ಕಾಲಿನ ಗೆರೆ ನೋಡಿದರು.

"ಇದ್ಯಾರು ಇಷ್ಟು ಚೆನ್ನಾಗಿ ಗುರುತು ಮಾಡಿದ್ದು?"

"ಇವರ ಅತ್ತೆಯವರು" ಎಂದರು ಮುಕುಂದಯ್ಯನವರು. ಯಾಕೆ ಮಾಡಿದ್ದು ಅಂತ ಹೇಳಲಿಲ್ಲ. ಆ ಮನುಷ್ಯ ನನ್ನ ಮಾನವನ್ನು ತನ್ನ ಕಿಸೆಯೊಳಗೆ ಇಟ್ಟುಕೊಂಡು ಸುಮ್ಮನೆ ನಿಂತರು.

ಡಾಕ್ಟರಮ್ಮ ಕನ್ನಮ್ಮನನ್ನು ಒಳಗೆ ಮಲಗಿಸಿ, ಕೀವು ಬಿಡಿಸಿ, ಪೆನಿಸಿಲಿನ್ ಸೂಜಿಮದ್ದು ಕೊಟ್ಟರು. ದಿನವೂ ಕೊಡಬೇಕು, ಎರಡು ದಿನದಲ್ಲಿ ಗೊತ್ತಾಗುತ್ತದೆ ಎಂದರು. ಏನು ಗೊತ್ತಾಗುತ್ತದೆ ಅಂತ ಹೂವಯ್ಯ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಜಗಲಿಯ ಮೇಲೆ ಕೂತೆವು. ಮುಕುಂದಯ್ಯನವರು ಅಂಗಡಿಗೆ ಹೋಗಬಹುದಿತ್ತು, ಹೋಗಲಿಲ್ಲ. ಪಕ್ಕದಲ್ಲಿ ಯಾರೋ ಮುದುಕ ಔಷಧಿಯ ಬಾಟಲಿ ಹಿಡಿದುಕೊಂಡು ಕೂತಿದ್ದ. ಒಂದೊಂದು ಹೊತ್ತಿಗೆ ಎಷ್ಟು ಕುಡಿಯಬೇಕು ಅಂತ ತೋರಿಸಲು ಬಾಟಲಿಯ ಬದಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿರುತ್ತಾರಲ್ಲ, ಅಂಥ ಬಾಟಲಿ. ಮುಕುಂದಯ್ಯನವರು ಅದನ್ನು ಕೇಳಿ ತೆಗೆದುಕೊಂಡು ನನ್ನ ಮುಂದೆ ಹಿಡಿದರು.

"ಈ ಗೆರೆಗಳು ಔಷಧಿನ ಖಾಲಿಯಾಗದ ಹಾಗೆ ತಡೀತಾವಾ ಅಮ್ಮ?"

"ಕಾಗದ ಏನು ತಡೀತದೆ? ಎಷ್ಟು ಹೋಯ್ತು ಅಂತ ತೋರಿಸ್ತದೆ."

"ನನ್ನ ಗೆರೆನೂ ಅಷ್ಟೇ. ತಡೆಯಕ್ಕಲ್ಲ, ನೋಡಕ್ಕೆ. ದಾಟಿದ್ರೆ ನಾವು ಹೊರಡಬೇಕು. ನಿನ್ನೆ ನಾನು ಅದನ್ನ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ನಂದೂ ತಪ್ಪೇ."

ಅಂಥ ಮಾತು ಕೇಳಿ ನಾನು ಏನು ಮಾಡಲಿ? ತಪ್ಪು ನನ್ನದು, ಅರ್ಧ ಹೊತ್ತುಕೊಂಡವರು ಅವರು. ಇಪ್ಪತ್ತೇಳು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು ಬಾಯಿಗೆ ಬಂದುಬಿಟ್ಟಿತು. ಯಜಮಾನರ ಕಾಲು, ಆರು ಗೆರೆ, ಏಳನೆಯದಕ್ಕೆ ನಾನು ಮಲಗಿಬಿಟ್ಟಿದ್ದು, ಎಲ್ಲ ಹೇಳಿದೆ. ಹೂವಯ್ಯ ಅಲ್ಲೇ ಇದ್ದ. ನಾನು ಮಲಗಿದ್ದ ಮಾತನ್ನು ಅವನೂ ಕೇಳಿದ್ದು ಅದೇ ಮೊದಲು.

"ಆಗ ನಾನು ಎದ್ದಿದ್ದು ಎಳೆದಿದ್ರೆ?"

ಅವರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖ ನೋಡಿದ್ದು ಅದೊಂದೇ ಸಲ.

"ಎಷ್ಟು ವರ್ಷದ ಹಿಂದೆ?"

"ಇವ್ನು ಹೊಟ್ಟೇಲಿದ್ದ. ಇವನಿಗೀಗ ಇಪ್ಪತ್ತೇಳು."

ಮನಸ್ಸಿನಲ್ಲೇ ವರ್ಷ ಹಿಂದಕ್ಕೆ ಎಣಿಸಿದರು. ಸಮಾಧಾನಕ್ಕೆ ಅಂತ ಬಾಯಿಗೆ ಬಂದದ್ದನ್ನು ಹೇಳುವ ಮನುಷ್ಯ ಅಲ್ಲ, ಅದಕ್ಕೇ ಅವರು ಎಣಿಸುವುದನ್ನು ನೋಡುತ್ತ ಕೂತೆ.

"ಇವತ್ತು ಒಳಗೆ ಕೊಟ್ಟರಲ್ಲ, ಆ ಔಷಧಿ ಆಗ ಯಾವ ಅಂಗಡೀಲೂ ಇರಲಿಲ್ಲ ಅಮ್ಮ. ತೀರ್ಥಹಳ್ಳೀಲಲ್ಲ, ಬೆಂಗಳೂರಲ್ಲೂ ಇರಲಿಲ್ಲ. ನೀವು ಎದ್ದಿದ್ದು ಏಳಲ್ಲ, ಎಪ್ಪತ್ತು ಗೆರೆ ಎಳೆದಿದ್ರೂ ಅದು ನಿಲ್ತಿರಲಿಲ್ಲ. ನೀವು ಮಲಗಿದ್ದಕ್ಕೆ ಅವರು ಹೋಗಲಿಲ್ಲ."

ಹೂವಯ್ಯ ನನ್ನ ಕೈ ಹಿಡಿದುಕೊಂಡ. ನಡೆಯಲು ಕಲಿತ ಮೇಲೆ ಅವನು ನನ್ನ ಕೈ ಹಿಡಿದದ್ದು ಅದೇ ಮೊದಲು.

ಭಾನುವಾರ ಕೆಂಪು ಐದನೇ ಗೆರೆ ಬೇಕು ಅನ್ನುವಷ್ಟು ಮುಂದೆ ಬಂದು ನಿಂತಿತು. ಇನ್ನೂ ಹೋಗುತ್ತದೋ ಅಂತ ನಾನು ಕಣ್ಣು ಪಿಳುಕಿಸದೆ ಕೂತೆ. ಕೈಯಲ್ಲಿ ಮಣ್ಣಿರಲಿಲ್ಲ. ಇದ್ದಿದ್ದರೆ ಎಳೆದುಬಿಡುತ್ತಿದ್ದೆನೋ ಏನೋ. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಬಂದು ನೋಡುವ ಮೊದಲೇ ನಾನು ನೋಡಿದೆ. ಕೆಂಪು ನಾಲ್ಕನೇ ಗೆರೆಯಿಂದ ಒಳಗೆ ಸರಿದಿತ್ತು. ದಾರದಂಥ ಎಳೆ ಮಾಸಿತ್ತು. ಆ ವಾರ್ಡಿನಲ್ಲಿ ನಾನು ಕೂಗಿದ ಕೂಗಿಗೆ ಹೊಳೆಯ ಆಚೆ ದಡದ ನಾಯಿ ಬೊಗಳಿತು.

"ಅವಳ ಕಾಲಿಗಲ್ಲ ಅಮ್ಮ, ನಿಮ್ಮ ಬಾಯಿಗೆ ಸೂಜಿಮದ್ದು ಕೊಡ್ತೀನಿ" ಎಂದರು ಡಾಕ್ಟರಮ್ಮ.

"ಅದಕ್ಕೆ ಔಷಧಿ ಇನ್ನೂ ಬಂದಿಲ್ಲ ಡಾಕ್ಟ್ರೇ" ಎಂದಳು ಕನ್ನಮ್ಮ, ಮಲಗಿದಲ್ಲಿಂದಲೇ. ಆಗ ನನಗೆ ಗೊತ್ತಾಯಿತು, ಉಳಿದಳು.

ಕೆಂಪು ದಿನಕ್ಕೊಂದು ಗೆರೆಯಷ್ಟು ಒಳಗೆ ಸರಿಯಿತು. ಆ ಗೆರೆಗಳನ್ನು ಒರೆಸಲು ಡಾಕ್ಟರಮ್ಮ ಬಿಡಲಿಲ್ಲ, ದಿನವೂ ಅವುಗಳನ್ನೇ ನೋಡಿ ಬರೆದುಕೊಳ್ಳುತ್ತಿದ್ದರು. ಕೆಂಪು ನೇರಳೆ ಗೆರೆಯೊಳಗೆ ಸೇರಿದ ದಿನ ಮನೆಗೆ ಕಳಿಸಿದರು. ಹೋಗುವ ಮುಂಚೆ ಅಂಗಡಿಗೆ ಹೋದೆವು. ಮುಕುಂದಯ್ಯನವರು ಮೊದಲು ಕೈ ತೊಳೆದು, ಆಮೇಲೆ ಕಾಲು ನೋಡಿ, ಆಮೇಲೆ ನಕ್ಕರು.

"ಇನ್ನು ಹುಳ ಕಚ್ಚಿದ್ರೆ?" ಎಂದು ನನ್ನನ್ನೇ ಕೇಳಿದರು, ಪರೀಕ್ಷೆಗೆ.

"ಸೋಪು ನೀರಲ್ಲಿ ತೊಳೆಯದು. ಕೆರೆಯದಲ್ಲ. ಸುಣ್ಣ ಎಲೆ ಅಡಿಕೆಗೆ."

"ಮೂರನೇ ದಿನಕ್ಕೆ ಇಳೀದೆ ಏರಿದ್ರೆ?"

"ಗೆರೆ ಎಳೆಯದು. ಒಂದೇ. ದಾಟಿದ್ರೆ ಬಸ್ಸು."

"ಜ್ವರ ಬಂದ್ರೆ?"

"ಗೆರೆನೂ ಬೇಡ, ಬಸ್ಸು."

"ನನಗಿಂತ ಚೆನ್ನಾಗಿ ಹೇಳ್ತೀರಿ" ಎಂದು ಆ ಮೋಟು ಪೆನ್ಸಿಲನ್ನು ನನಗೇ ಕೊಟ್ಟರು. ಈಗಲೂ ಮೂರು ಊರಿನವರು ನನ್ನ ಹತ್ತಿರ ಬರುತ್ತಾರೆ. ಕೆಮ್ಮಣ್ಣಿನ ಬಟ್ಟಲಲ್ಲಿ ಕನ್ನಮ್ಮ ಕೋಳಿಮರಿಗೆ ನೀರಿಡುತ್ತಾಳೆ.

ಆ ವರ್ಷ ಹಿರಿಯರಿಗೆ ಎಡೆ ಇಡುವ ದಿನ ಬಂತು. ಬಾಳೆ ಎಲೆಯಲ್ಲಿ ಯಜಮಾನರಿಗೆ ಇಷ್ಟವಾದ ಕಡುಬು, ಕೋಳಿ ಸಾರು ಬಡಿಸಿದೆ. ಪ್ರತಿವರ್ಷ ಎಡೆಯ ಮುಂದೆ ತಲೆ ಬಗ್ಗಿಸಿ ಕೂತು, ತಪ್ಪಾಯಿತು ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಅವತ್ತು ತಲೆ ಎತ್ತಿ ಕೂತೆ.

"ಬರಿಗಾಲಲ್ಲಿ ಮುಳ್ಳು ತುಳೀಬೇಡಿ ಅಂತ ಸಾವಿರ ಸಲ ಹೇಳಿದ್ದೆ. ಕೇಳಿದ್ರಾ? ನನ್ ಮಾತು ಯಾವತ್ತು ಕೇಳಿದ್ರಿ ನೀವು?" ಎಂದು ಶುರು ಮಾಡಿದೆ.

ಕಡುಬು ತಣ್ಣಗಾಗುವವರೆಗೂ ಬೈದೆ. ಹಿಂದೆ ಬಾಗಿಲಲ್ಲಿ ನಿಂತು ಕನ್ನಮ್ಮ ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಪಾಪ, ಮಾವ" ಎಂದಳು. "ಇ‌ಪ್ಪತ್ತೇಳು ವರ್ಷದ್ದು ಒಂದೇ ದಿನ ಉಣ್ಬೇಕಲ್ಲ."